ಅಡ್ಡಾಟದ ಅರ್ಥ

ಕೆಲಸವಿಲ್ಲದೆ ನಡೆಯುವುದು ತಮಿಳು ಸೀಮೆಯ ನಮ್ಮೂರು ಕೊಂಬೈಯಲ್ಲಿ ಸುಲಭವಲ್ಲ. ಎದುರಾದವರೆಲ್ಲ ತಮಿಳಿನಲ್ಲೋ ಕನ್ನಡದಲ್ಲೋ “ಎಲ್ಲಿಗೆ?” ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ಮನೆಯಲ್ಲಿ ಜಗಳವಾಗಿದೆ ಎಂದು ತೀರ್ಮಾನಿಸುತ್ತಾರೆ. ಪುಣ್ಯಕ್ಕೆ ನಮ್ಮ ಮನೆಮಾತಿನಲ್ಲಿ ‘ಅಡ್ಡಾಡೋದು’ ಎಂಬ ಮಾತು ಇನ್ನೂ ಉಳಿದಿದೆ. ಅಡ್ಡಾಡೋಕೆ ಹೊರಟೆ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ಆ ಒಂದು ಮಾತಿನ ಹುಟ್ಟು ಹುಡುಕಲು ಹೋಗಿ ನಾನು ಮಾಡಿಕೊಂಡ ಅನಾಹುತವನ್ನು ನಿಮ್ಮಲ್ಲಿ ಹೇಳಿಕೊಳ್ಳಬೇಕು.

ನಾನು ತಮಿಳು ಮೇಷ್ಟರಾಗಿ ನಿವೃತ್ತನಾದವನು. ಮನೆಯಲ್ಲಿ ಆಡುವುದು ಕನ್ನಡವಾದರೂ ಅದರ ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ. ವಯಸ್ಸಾದ ಮೇಲೆ ಸೈಕಲ್ ಕಲಿತವನಂತೆ ಕಂಡಕಂಡವರ ಮುಂದೆ ಗಂಟೆ ಬಾರಿಸುತ್ತಿದ್ದೆ. ದಪ್ಪ ನಿಘಂಟೊಂದನ್ನು ತರಿಸಿಕೊಂಡ ಮೇಲಂತೂ ನನ್ನನ್ನು ಹಿಡಿಯುವವರಿರಲಿಲ್ಲ. ಹಿಡಿಯಬಲ್ಲವನು ಒಬ್ಬನೇ, ನನ್ನ ಹೆಂಡತಿಯ ತಮ್ಮ ರಂಗಸಾಮಿ. ದ್ರಾಕ್ಷಿ ತೋಟದವನು. ಸಂಜೆ ತೋಟದಿಂದ ಬಂದು, ಕಾಲು ತೊಳೆದು, ನನ್ನನ್ನು ತೇವಾರಂ ರಸ್ತೆಯಲ್ಲಿ ಅಡ್ಡಾಡಿಸಿಕೊಂಡು ಬರುವುದು ಅವನ ಎಷ್ಟೋ ವರ್ಷಗಳ ರೂಢಿ.

ಒಂದು ಸಂಜೆ ಟೀ ಅಂಗಡಿಯಲ್ಲಿ ಪಾಠ ಶುರು ಮಾಡಿದೆ. ಕೆಲಸವಿದ್ದವನು ನೇರ ಹೋಗುತ್ತಾನೆ, ಇಲ್ಲದವನು ಅಡ್ಡಡ್ಡ ಆಡುತ್ತಾ ಹೋಗುತ್ತಾನೆ, ಅದೇ ಅಡ್ಡಾಟ ಎಂದೆ. ರಂಗಸಾಮಿ ಟೀ ಊದುತ್ತಾ, “ಅದಲ್ಲ ಬಾವ. ಕೆಲ್ಸಕ್ಕೆ ಅಡ್ಡ ಬರೋ ಆಟ ಅದು. ನಮ್ಮವ್ವ ಬೈಯಾಕಂತ್ಲೇ ಕಟ್ಟಿದ ಮಾತು. ನಿಮ್ ಪುಸ್ತಗಕ್ಕೆ ಕಾಲು ಐತಾ? ನಡೆಯಾದು ಅದ್ಕೇನ್ ಗೊತ್ತು?” ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಉರಿದುಹೋಯಿತು. “ಮೂರನೇ ಕ್ಲಾಸ್ ದಾಟದೋನು ನಂಗೆ ಮಾತು ಕಲಿಸ್ತೀಯಾ?” ಎಂದುಬಿಟ್ಟೆ. ಅವನು ಅರ್ಧ ಟೀ ಹಾಗೇ ಇಟ್ಟು ಎದ್ದು ಹೋದ.

ಮಾತು ನಿಂತಿತು, ಅಡ್ಡಾಟ ನಿಲ್ಲಲಿಲ್ಲ. ಮೊದಲು ಬಿಟ್ಟವನು ಸೋತಂತೆ ಎಂದು ನನ್ನ ಲೆಕ್ಕ. ಅವನು ರಸ್ತೆಯ ಆ ಅಂಚಿನಲ್ಲಿ, ನಾನು ಈ ಅಂಚಿನಲ್ಲಿ, ನಡುವೆ ಬಸ್ಸು, ಟೆಂಪೊ, ತೆಂಗಿನಕಾಯಿ ಲಾರಿ. ಎದುರಾದವರಿಗೆ “ಎಲ್ಲಿಗೆ?” ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳುವ ಕಷ್ಟ. ನಾನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ನನಗಿಂತ ಹತ್ತು ವರ್ಷ ಚಿಕ್ಕವನು, ದಿನವೆಲ್ಲ ತೋಟದಲ್ಲಿ ಓಡಾಡುವವನು, ಒಂದು ದಿನವೂ ನನ್ನನ್ನು ದಾಟಿ ಮುಂದೆ ಹೋಗಲಿಲ್ಲ. ಮೇಷ್ಟರ ಕಾಲೇ ಗಟ್ಟಿ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ. ಪೊಂಗಲ್ ದಿನ ನಾನೇ ಹೋಗಿ ಮಾತಾಡಿಸಿದರಾಯಿತು ಎಂದುಕೊಂಡಿದ್ದೆ. ಪೊಂಗಲ್‌ಗೆ ಇನ್ನೂ ಒಂದು ವಾರವಿರುವಾಗ ಅವನಿಗೆ ಎದೆನೋವು ಬಂತು. ತೇನಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟ.

ಹದಿನಾರನೆಯ ದಿನದ ಊಟಕ್ಕೆ ಅವನ ಹೆಂಡತಿ ನನಗೆ ಎಲೆ ಹಾಕಿ, ಬಡಿಸಲು ಬಂದವಳು ಹಾಗೇ ನಿಂತಳು.

“ಅಣ್ಣಾ, ಮಂಡಿ ನೋವು ಹೆಂಗೈತೆ?”

ನನಗೆ ಮಂಡಿ ನೋವಿದ್ದದ್ದು ನಿಜ. ಹೆಂಡತಿಗೂ ಹೇಳಿರಲಿಲ್ಲ. ನಿನಗೆ ಯಾರು ಹೇಳಿದರು ಎಂದು ಕೇಳಿದೆ.

“ಅವ್ರೇ. ದಿನಾ ಬಂದು ಹೇಳ್ತಿದ್ರು. ‘ಬಾವ ಪಾವಂ, ಎಡಗಾಲು ಎಳೀತಾರೆ. ನಾನು ಮುಂದೆ ಹೋದ್ರೆ ರೋಷಕ್ಕೆ ಅವ್ರೂ ಓಡ್ತಾರೆ. ಅದ್ಕೇ ನಾನೂ ಮೆಲ್ಲಕ್ಕೇ ನಡೆದೆ’ ಅಂತ.”

ಎಲೆಯ ಮುಂದೆ ಕೂತು ಅತ್ತುಬಿಟ್ಟೆ. ಇಷ್ಟು ವಯಸ್ಸಾದವನು ಪಂಕ್ತಿಯಲ್ಲಿ ಹಾಗೆ ಅಳಬಾರದು, ಆದರೂ ಅತ್ತೆ. ಅಡ್ಡಾಟದ ಅರ್ಥವನ್ನು ಆ ಮೂರನೇ ಕ್ಲಾಸಿನವನು ನನಗೆ ದಿನವೂ ರಸ್ತೆಯ ಆ ಕಡೆಯಿಂದ ಹೇಳಿಕೊಡುತ್ತಿದ್ದ. ನಾನು ಮಾತ್ರ ಅವನನ್ನು ಸೋಲಿಸುತ್ತಿದ್ದೆ.

ಈಗಲೂ ಸಂಜೆ ಹೋಗುತ್ತೇನೆ. ಬೇಗ ನಡೆದರೂ ಮೆಲ್ಲಗೆ ನಡೆದರೂ ಆ ರಸ್ತೆಯಲ್ಲಿ ಗೆಲ್ಲುವವನು ನಾನೇ.