ಜರ್ಮನಿ ಮಿಸ್ ಬೇಡ ಅಂದಾಗ

ನಮ್ಮ ಕಡೆ ಮನೆಗೆ ಬಂದವರು ಮೊದಲ ಸಲ ಬೇಡ ಅಂದರೆ ಅದು ಲೆಕ್ಕಕ್ಕಿಲ್ಲ. ಎರಡನೇ ಸಲದ್ದು ಮರ್ಯಾದೆಗೆ. ಮೂರನೇ ಸಲಕ್ಕೆ ತಟ್ಟೆ ತಾನಾಗಿ ಮುಂದೆ ಬರುತ್ತದೆ. ಇದರಿಂದ ಆಗುವ ಫಜೀತಿ ಒಂದೆರಡಲ್ಲ, ಆಗುತ್ತಲೇ ಇರುತ್ತವೆ. ನಾವು ನಾವೇ ಆದರೆ ಹೇಗೋ ಸುಧಾರಿಸಿಕೊಳ್ಳುತ್ತೇವೆ. ಹೊರಗಿನವರು ನಡುವೆ ಬಂದರೆ ಏನಾಗುತ್ತದೆ ಎಂಬುದನ್ನು ನಾನು ಒಂದು ವರ್ಷ ಕಣ್ಣಾರೆ ಕಂಡೆ. ನೆನೆದರೆ ನಗು ಬರುತ್ತದೆ, ನಕ್ಕಾದ ಮೇಲೆ ಬೇಸರವೂ ಆಗುತ್ತದೆ.

ನಿಟ್ಟೂರಿನ ಹತ್ತಿರದ ನಮ್ಮ ಶಾಲೆಯನ್ನು ಊರಿನವರೇ ಕಮಿಟಿ ಮಾಡಿಕೊಂಡು ನಡೆಸುತ್ತಾರೆ. ಇಂಗ್ಲಿಷಿಗೆ ಟೀಚರ್ ಸಿಗದೆ, ಮಕ್ಕಳು ಒಬ್ಬೊಬ್ಬರಾಗಿ ಹೊಸನಗರದ ಕಾನ್ವೆಂಟಿನ ವ್ಯಾನು ಹತ್ತುತ್ತಿದ್ದರು. ಆಗ ಒಂದು ಸಂಸ್ಥೆಯವರು ಜರ್ಮನಿಯಿಂದ ಒಬ್ಬ ಹುಡುಗಿಯನ್ನು ಕಳಿಸಿಕೊಟ್ಟರು. ಆಗಷ್ಟೇ ಡಿಗ್ರಿ ಮುಗಿಸಿದವಳು. ಸಂಬಳವಿಲ್ಲದ ಸೇವೆ, ಒಂದು ವರ್ಷಕ್ಕೆ. ಶಾಲೆಯವರು ಕೇಳಿ ಅವಳು ಒಪ್ಪಿದರೆ ಇನ್ನೊಂದು ವರ್ಷ ಇರಬಹುದಿತ್ತು. ಕನ್ನಡ ಕಲಿಸುವ ನನ್ನ ಮನೆಯಲ್ಲೇ ಅವಳ ವಾಸ. ಮಕ್ಕಳು ಜರ್ಮನಿ ಮಿಸ್ ಎಂದರು, ಊರೂ ಹಾಗೇ ಎಂದಿತು. ವ್ಯಾನು ಹತ್ತುವವರು ನಿಂತರು.

ಕಡುಬು

ಬಂದ ಹೊಸತರಲ್ಲೇ ಒಬ್ಬ ವಿದ್ಯಾರ್ಥಿನಿಯ ಮನೆಯಿಂದ ತಿಂಡಿಗೆ ಕರೆ ಬಂತು. ಮಿಸ್ ಎರಡು ಕಡುಬು ತಿಂದು ಸಾಕು ಎಂದಳು. ಆ ಹುಡುಗಿಯ ತಾಯಿ ಮತ್ತೆರಡು ಹಾಕಿದರು. ಬೇಡ ಎಂದಳು, ತುಪ್ಪ ಬಂತು. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ತುಪ್ಪ ಬೆರಳ ಸಂದಿಯಲ್ಲಿ ಇಳಿದು ಕಡುಬಿಗೇ ಸೇರಿತು. ತಟ್ಟೆಯಲ್ಲಿ ಬಿಡಬಾರದು ಎಂದು ಅವಳ ಮನೆಯಲ್ಲಿ ಕಲಿಸಿದ್ದರಂತೆ, ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು ಮುಗಿಸಿದಳು.

ವಾಪಸ್ ಬರುವಾಗ ಮೋರಿಕಟ್ಟೆಯ ಮೇಲೆ ಕೂತುಬಿಟ್ಟಳು. ಬೇಡ ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ‘ಬೇಡ’ ಅಂತಲೇ ಅನ್ನುತ್ತಾರೆ ಎಂದೆ. ನಾನು ಅದನ್ನೇ ಅಲ್ಲವೇ ಹೇಳಿದ್ದು ಎಂದಳು. ಹೇಳಿದ್ದು ಸರಿ, ಆದರೆ ಅದನ್ನು ಯಾರು ನಂಬುತ್ತಾರೆ ಎಂದೆ.

ಅಧ್ಯಕ್ಷರ ಎಲೆ

ಶಾಲೆಯ ವಾರ್ಷಿಕೋತ್ಸವದ ಊಟಕ್ಕೆ ಹೋಳಿಗೆ ಬಡಿಸಲು ಮಿಸ್ ಹೊರಟಳು. ಮೊದಲ ಎಲೆ ಕಮಿಟಿ ಅಧ್ಯಕ್ಷರದು. ಹೋಳಿಗೆ ಎಂದರೆ ಅವರಿಗೆ ಪ್ರಾಣ. ಪದ್ಧತಿಯಂತೆ ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರು. ಮಿಸ್ ಬಗ್ಗಿ, ಬಹಳ ಮರುಕದಿಂದ, “ನನಗೆ ಗೊತ್ತು ಸರ್” ಎಂದು ಮುಂದೆ ಹೋದಳು. ಪಂಕ್ತಿಯ ಹಿರಿಯರೆಲ್ಲ ಕೈ ಅಡ್ಡ ಹಿಡಿದರು, ಅವಳು ಎಲ್ಲರನ್ನೂ ಕಾಪಾಡಿದಳು. ಬುಟ್ಟಿ ತುಂಬಿದ್ದು ತುಂಬಿದಂತೆ ಅಡುಗೆಮನೆಗೆ ವಾಪಸ್ ಬಂತು.

ಅಧ್ಯಕ್ಷರು ಮಜ್ಜಿಗೆ ಅನ್ನ ಉಂಡು ಎದ್ದರು. ಸಿಟ್ಟಾಗಿದ್ದಾರೆ, ಮುಂದಿನ ವರ್ಷಕ್ಕೆ ಇವಳನ್ನು ಕೇಳುವುದಿಲ್ಲವೇನೋ ಎಂದು ನನಗೆ ಹೆದರಿಕೆ. ಆದರೆ ಮನುಷ್ಯ ದೊಡ್ಡವರು. ಸೋಮವಾರ ಸ್ಟಾಫ್ ರೂಮಿಗೆ ಬಂದು, ಆ ಹುಡುಗಿ ಮಾಡಿದ್ದೇ ಸರಿ, ಇನ್ನು ಮೇಲೆ ನಾವೂ ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು ಎಂದು ಸಾರಿದರು. ಚಹಾ ಕುಡಿಯುತ್ತೀರಾ ಸರ್ ಎಂದೆ. ತಕ್ಷಣ ಹೂಂ ಎಂದರು. ನಾನು ಮಾಡಿರಲೇ ಇಲ್ಲ, ಬಾಯಿಮಾತಿಗೆ ಕೇಳಿದ್ದೆ.

ತೊಡೆದೇವು

ದೀಪಾವಳಿ ಕಳೆದ ಮೇಲೆ ಸಾಗರದಿಂದ ನೆಂಟರು ತೊಡೆದೇವು ತಂದರು. ಹಾಳೆಯಷ್ಟು ತೆಳ್ಳಗಿನ ಆ ಸಿಹಿಯನ್ನು ತಟ್ಟೆಯಲ್ಲಿಟ್ಟು ಮಿಸ್ ಮುಂದೆ ಹಿಡಿದೆ. ಬೇಡ ಅಕ್ಕ ಎಂದಳು. ನಾನು ಈಗ ಸುಧಾರಿಸಿದವಳಲ್ಲವೇ, ಒತ್ತಾಯಿಸದೆ ತಟ್ಟೆ ಒಳಗಿಟ್ಟೆ. ಅವಳ ಕಣ್ಣು ತಟ್ಟೆಯ ಹಿಂದೆಯೇ ಅಡುಗೆಮನೆವರೆಗೂ ಬಂತು.

“ಇನ್ನೊಂದ್ಸಲ ಕೇಳೂಕೆ ನಿಂಗೆ ಎಂತ ಕಷ್ಟ ಮಾರಾಯ್ತಿ?” ಎಂದರು ಅತ್ತೆ.

ಅವರ ದೇಶದಲ್ಲಿ ಒಂದು ಸಲ ಹೇಳಿದರೆ ಮುಗಿಯಿತು ಎಂದು ನಾನು ಅತ್ತೆಗೇ ತಿಳಿಹೇಳಿದೆ. ವಾರದೊಳಗೆ ಡಬ್ಬಿ ಖಾಲಿ. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ, ಅವರನ್ನು ಹಿಡಿದು ಬೈದೆ. ಆಣೆ ಇಟ್ಟರೂ ನಂಬಲಿಲ್ಲ.

ನಿಮ್ಮಿಷ್ಟ

ಮಾರ್ಚಿನಲ್ಲಿ ಕಮಿಟಿ ಸಭೆ ಕರೆದರು. ಅಧ್ಯಕ್ಷರು ಎದ್ದು ನಿಂತು, ಇನ್ನೊಂದು ವರ್ಷ ನಮ್ಮಲ್ಲೇ ಇರುತ್ತೀರಾ ಎಂದು ಮಿಸ್ಸನ್ನು ಕೇಳಿದರು. ಅವಳು ತಲೆ ತಗ್ಗಿಸಿ, “ಬೇಡ ಸರ್, ನಿಮಗೆಲ್ಲ ತೊಂದರೆ” ಎಂದಳು.

ಇರು ಮಾರಾಯ್ತಿ ಎನ್ನಲು ನನಗೆ ಬಾಯಿ ತುದಿಗೆ ಬಂದಿತ್ತು. ಒತ್ತಾಯ ಮಾಡಬಾರದು ಎಂದು ನುಂಗಿಕೊಂಡೆ. ಅಧ್ಯಕ್ಷರಂತೂ, ನಿಮ್ಮಿಷ್ಟ ಅಮ್ಮ, ನಾವು ನಿಮ್ಮ ಮಾತಿಗೆ ಬೆಲೆ ಕೊಡುತ್ತೇವೆ ಎಂದು ಎದೆಯುಬ್ಬಿಸಿ ಹೇಳಿ ಕೂತರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಾವು ಚಪ್ಪಾಳೆ ತಟ್ಟಿದೆವು.

ಈ ಜೂನಿನಲ್ಲಿ ವ್ಯಾನು ಮತ್ತೆ ತುಂಬಿಕೊಂಡು ಹೋಗುತ್ತಿದೆ. ಅದರ ಹಾರನ್ ಕೇಳಿದಾಗಲೆಲ್ಲ ಅವಳನ್ನು ಬಿಟ್ಟುಬರಲು ಹೊಸನಗರದ ಬಸ್ ಸ್ಟ್ಯಾಂಡಿಗೆ ಹೋದ ಬೆಳಿಗ್ಗೆ ನೆನಪಾಗುತ್ತದೆ. ಬಸ್ಸು ಹೊರಡುವ ಮುಂಚೆ ನನಗೆ ತಡೆಯಲಾಗದೆ, ಇನ್ನೊಂದು ವರ್ಷ ಇದ್ದಿದ್ದರೆ ನಿನಗೇನಾಗುತ್ತಿತ್ತು ಎಂದು ಕೇಳಿಯೇಬಿಟ್ಟೆ.

ಇರಬೇಕು ಅಂತಲೇ ಇದ್ದೆ ಎಂದಳು. ಮೊದಲ ಸಲವೇ ಹೂಂ ಅನ್ನಬಾರದು, ಆಸೆಬುರುಕಿ ಅಂದುಕೊಳ್ಳುತ್ತಾರೆ ಎಂದು ನಮ್ಮ ಅತ್ತೆ ಹೇಳಿಕೊಟ್ಟಿದ್ದರಂತೆ. ಎರಡನೇ ಸಲ ಕೇಳುತ್ತಾರೆ ಎಂದು ಸಭೆ ಮುಗಿಯುವವರೆಗೂ ಕಾದಳಂತೆ.

ಹಾಗಾದರೆ ಈಗ ಕೇಳುತ್ತೇನೆ, ಇಳಿ ಎಂದೆ. ಸಂಸ್ಥೆಯವರು ತನ್ನನ್ನು ಬೇರೆ ದೇಶದ ಶಾಲೆಗೆ ಹಾಕಿಯಾಗಿದೆ ಎಂದಳು. ಕಂಡಕ್ಟರ್ ಸೀಟಿ ಊದಿದ. ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

“ಒಂದು ಕಡುಬಿಗೆ ನಾಲ್ಕು ಸಲ ಕೇಳ್ತೀರಿ ಅಕ್ಕ. ನನ್ನನ್ನ ಯಾಕೆ ಒಂದೇ ಸಲ ಕೇಳಿದ್ರಿ?”