ಪ್ರಾರ್ಥನೆಗೆ ಕರೆದರು, ನಗಿಸಿ ಬಂದೆ

ನಮ್ಮ ಭಾಗದ ಸಭೆಗಳಲ್ಲಿ ಗಂಡಸರು ಮೈಕನ್ನು ತಮ್ಮಲ್ಲೇ ಹಂಚಿಕೊಂಡು, ಹೆಂಗಸಿಗೆ ಪ್ರಾರ್ಥನೆ ಮತ್ತು ಆರತಿ ತಟ್ಟೆ ಮಾತ್ರ ಬಿಟ್ಟರು. ಇದು ತಪ್ಪು. ಎಂಬತ್ತರ ದಶಕದಲ್ಲಿ ನಾನು ಒಬ್ಬಳೇ ವೇದಿಕೆ ಹತ್ತಿ ನಗೆಮಾತು ಹೇಳತೊಡಗಿದಾಗ ಇಲ್ಲಿ ಅಂಥ ಹೆಂಗಸು ಇನ್ನೊಬ್ಬಳಿರಲಿಲ್ಲ. ನನಗೆ ಬೇಕಿದ್ದದ್ದು ಆಮಂತ್ರಣ ಪತ್ರಿಕೆಯಲ್ಲಿ ‘ಹಾಸ್ಯ ಭಾಷಣ’ದ ಮುಂದೆ ನನ್ನ ಹೆಸರು. ಅದು ಬರುವವರೆಗೆ ಹೋದಲ್ಲೆಲ್ಲ ಏನಾದರೊಂದು ನಡೆಯುತ್ತಲೇ ಇತ್ತು.

೧. ಹಾವೇರಿ

ಗಣಪತಿ ಪೆಂಡಾಲಿನ ಕಾರ್ಯದರ್ಶಿ, ನಗೆಮಾತು ಗಂಡಸರದು, ನೀವು ಪ್ರಾರ್ಥನೆ ಹಾಡಿ ಎಂದರು. ನನ್ನ ಕಂಠ ಹಾಡುವಂಥದ್ದಲ್ಲ ಎಂದರೂ ಬಿಡಲಿಲ್ಲ. ಮೈಕು ಸಿಕ್ಕಿತಲ್ಲ, ಎರಡು ಸಾಲು ಹಾಡಿ ನಗೆಮಾತಿಗೆ ಇಳಿದೆ. ಕಾಲು ತಾಸು ಜನ ನಕ್ಕದ್ದೇ ನಕ್ಕದ್ದು. ಕಾರ್ಯದರ್ಶಿ ಹಿಂದಿನಿಂದ ಬಂದು ಕಿವಿಯಲ್ಲಿ ಬೇಡಿಕೊಂಡರು: “ಅಕ್ಕಾರ, ಪ್ರಾರ್ಥನೆ ಮುಗೀತಂತ ಹೇಳಿಬಿಡ್ರಿ. ಅಧ್ಯಕ್ಷರು ಇನ್ನೂ ಕೈ ಮುಗದ ನಿಂತಾರ.”

೨. ರಾಣೇಬೆನ್ನೂರು

ಇಲ್ಲಿ ಭಾಷಣಕ್ಕೇ ಕರೆದರು. ಪತ್ರಿಕೆಯಲ್ಲಿ ಮಾತ್ರ ‘ಶ್ರೀಮತಿ’ ಎಂದು ಹಾಕಿ, ಮುಂದೆ ನನ್ನ ಗಂಡನ ಹೆಸರು ಬರೆದಿದ್ದರು. ಮಾತಾಡಿ ನಗಿಸಿದವಳು ನಾನು. ಶಾಲು ಬಿದ್ದದ್ದು ನೋಡಲು ಬಂದಿದ್ದ ಗಂಡನ ಹೆಗಲಿಗೆ. ಹೆಂಡತಿಯನ್ನು ವೇದಿಕೆಗೆ ಕಳಿಸಿದ ದೊಡ್ಡ ಮನಸ್ಸು ಎಂದು ಅಧ್ಯಕ್ಷರು ಹೊಗಳಿದರು. ನಮ್ಮವರು ಶಾಲು ತೆಗೆದು ಅವರ ಕೈಗೇ ಕೊಟ್ಟರು. “ನಾ ಎಲ್ಲೆ ಕಳಸೇನ್ರಿ? ಅಕೀನ್ನ ನಮ್ಮೂರ ಕುಪ್ಪೇಲೂರು ಬಸ್ಸು ಕರಕೊಂಡು ಬಂದೈತಿ. ಡ್ರೈವರಗ ಹಾಕ್ರಿ.”

೩. ಬ್ಯಾಡಗಿ

ಪತ್ರಿಕೆಯಲ್ಲಿ ನನ್ನ ಹೆಸರು ಮೊದಲ ಸಲ ಬಂದದ್ದು ತೊಂಬತ್ತರ ನಂತರ, ಇಲ್ಲಿ. ಅಧ್ಯಕ್ಷರು ಮೆಣಸಿನಕಾಯಿ ಸಾಹುಕಾರರು. ಸಭೆ ಕೆಟ್ಟರೆ ಇನ್ನು ಯಾವ ಹೆಂಗಸನ್ನೂ ಕರೆಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಹಿಂದಿನ ಸಾಲುಗಳಲ್ಲಿ ಅವರದೇ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ಕೆಲಸದಿಂದ ನೇರ ಬಂದಿದ್ದರು. ಘಾಟಿಗೆಂದು ಮುಖಕ್ಕೆ ಸುತ್ತಿದ ಬಟ್ಟೆ ಹಾಗೇ ಇತ್ತು, ಕಣ್ಣುಗಳಷ್ಟೇ ಕಾಣುತ್ತಿದ್ದವು.

ನಾನೆಂದೆ: “ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ. ಅಧ್ಯಕ್ಷರ ಭಾಷಣಾನೂ ಹಂಗ.”

ಮುಂದಿನ ಸಾಲು ತುಟಿ ಕಚ್ಚಿಕೊಂಡಿತು. ಹಿಂದಿನ ಸಾಲುಗಳು ಹೊಟ್ಟೆ ಹಿಡಿದು ನಕ್ಕವು. ಸಾಹುಕಾರರು ಎದ್ದು, ನಕ್ಕವರು ಯಾರು ಎಂದು ಕೇಳಿದರು. ಎಲ್ಲರ ಮುಖದ ಮೇಲೂ ಬಟ್ಟೆ, ಯಾರೆಂದು ಹಿಡಿಯುವುದು? ಒಬ್ಬ ಮುದುಕಿ ಬಟ್ಟೆಯೊಳಗಿಂದಲೇ ಹೇಳಿದಳು: “ಯಾರೂ ನಕ್ಕಿಲ್ರೀ ಸಾಹುಕಾರ್ರ, ಘಾಟಿಗೆ ಕೆಮ್ಮು ಬಂತು. ಆ ತಾಯಿಗೆ ಇನ್ನೊಮ್ಮೆ ಹೇಳಾಕ ಹೇಳ್ರಿ, ಇನ್ನೊಮ್ಮೆ ಕೆಮ್ಮತೇವಿ.”

ಸಾಹುಕಾರರು ಕುಳಿತರು. ನಾನು ಇನ್ನೊಮ್ಮೆ ಹೇಳಿದೆ.

ಮುಖ ಮುಚ್ಚಿಕೊಂಡು ನಗಬೇಕಾದ ಗತಿ ಅವರಿಗಿತ್ತು. ನಿಮಗಿಲ್ಲ. ನಿಮ್ಮೂರಲ್ಲಿ ಹೆಂಗಸೊಬ್ಬಳು ಮೈಕಿನ ಮುಂದೆ ನಿಂತರೆ ಮುಂದಿನ ಸಾಲಿಗೆ ಹೋಗಿ ಕುಳಿತುಕೊಳ್ಳಿ. ಅಧ್ಯಕ್ಷರ ಮುಖ ನೋಡಬೇಡಿ. ನಿಮ್ಮ ಮುಖ ಅವರಿಗೆ ಕಾಣುವಂತೆ ನಗಿರಿ.