ಮಾವನ ಸೈಕಲ್ಲಿನ ಸೀಟು

ಸೈಕಲ್ ಇರುವುದು ತುಳಿಯುವುದಕ್ಕೆ ಎಂದು ಲೋಕವೆಲ್ಲ ನಂಬಿಕೊಂಡಿದೆ. ಲೋಕದ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ನನ್ನ ಮಟ್ಟಿಗೆ ಸೈಕಲ್ ಇರುವುದು ಒರೆಸುವುದಕ್ಕೆ. ಕೈಯಲ್ಲೊಂದು ಹಳೆಯ ಬನಿಯನ್ನಿನ ತುಂಡು, ಎದುರಿಗೊಂದು ತುಕ್ಕು ಹಿಡಿದ ಸೈಕಲ್ ಇದ್ದರೆ ನನಗೆ ಊಟದ ನೆನಪೂ ಆಗುವುದಿಲ್ಲ. ಮಣಿಪಾಲದ ಕಾಲೇಜೊಂದರಲ್ಲಿ ಗುಮಾಸ್ತನಾದ ನಾನು ಕಚೇರಿಯ ಮೇಜನ್ನು ಒಂದು ದಿನವೂ ಒರೆಸಿರಲಿಕ್ಕಿಲ್ಲ ಎಂದು ನನ್ನ ಹೆಂಡತಿ ವಾರಿಜಾ ಹೇಳುವುದುಂಟು. ಅವಳು ಕಚೇರಿಗೆ ಬಂದು ನೋಡಿದವಳಲ್ಲ, ಆದರೂ ಸರಿಯಾಗಿಯೇ ಹೇಳುತ್ತಾಳೆ. ನಮ್ಮ ಮನೆ ಇರುವುದು ಕಾಪುವಿನಲ್ಲಿ, ಕಡಲಿಗೆ ಕೂಗಳತೆಯಲ್ಲಿ. ಅಲ್ಲಿಯ ಉಪ್ಪುಗಾಳಿಗೆ ಹೊಸ ಬೀಗವೂ ಮೂರು ತಿಂಗಳಲ್ಲಿ ಮುದಿಯಾಗುತ್ತದೆ. ಹಾಗಾಗಿ ಒರೆಸುವವನಿಗೆ ಕೆಲಸಕ್ಕೆ ಬರವಿಲ್ಲ.

ಎರಡು ಸಾವಿರದ ಇಸವಿ ಬಂದ ಹೊಸತು. ಊರಿಗೆ ಊರೇ ಸೈಕಲ್ಲನ್ನು ಗುಜರಿಗೆ ಹಾಕಿ ಬೈಕು ತರುತ್ತಿದ್ದ ಕಾಲ. ಬಜಗೋಳಿಯಲ್ಲಿರುವ ನನ್ನ ಮಾವ, ಅಂದರೆ ವಾರಿಜಾಳ ಅಪ್ಪ, ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು. ಮೂವತ್ತು ವರ್ಷ ಒಂದೇ ಸೈಕಲ್ಲಿನಲ್ಲಿ ಅಲ್ಲಿಯ ಏರುತಗ್ಗುಗಳನ್ನು ಸುತ್ತಿ ಊರ ದನಗಳಿಗೆಲ್ಲ ಸೂಜಿ ಚುಚ್ಚಿದವರು. ನಿವೃತ್ತರಾದ ಮೇಲೆ ಆ ಸೈಕಲ್ ಕೊಟ್ಟಿಗೆಯ ಮೂಲೆಯಲ್ಲಿ ಒರಗಿಕೊಂಡಿತ್ತು. ನಾನು ಕೇಳಿದಾಗ, "ಕೊಂಡು ಹೋಗಿ ಅಳಿಯಂದಿರೇ, ಇಲ್ಲಿ ಕೋಳಿ ಕೂತುಕೊಳ್ಳಲಿಕ್ಕೆ ಮಾತ್ರ ಉಂಟು ಅದು" ಎಂದರು. ಕೊಡುವಾಗ ಮಾತ್ರ ಅದರ ಚರ್ಮದ ಸೀಟಿನ ಮೇಲೆ ಕೈಯಿಟ್ಟು ಒಂದು ದೊಡ್ಡ ನಿಟ್ಟುಸಿರು ಬಿಟ್ಟರು. ನನ್ನ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷದ ಒಡನಾಟ, ಸುಮ್ಮನೆಯೇ? ಏನು ಬದಲಾಯಿಸಿದರೂ ಈ ಸೀಟೊಂದನ್ನು ಬದಲಾಯಿಸಬಾರದು ಎಂದು ಅಲ್ಲಿಯೇ ನಿಶ್ಚಯಿಸಿಬಿಟ್ಟೆ.

ಉಡುಪಿಯಲ್ಲಿ ಬಸಪ್ಪ ಎಂಬವನ ಸೈಕಲ್ ಅಂಗಡಿ. ಬಾದಾಮಿ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದವನು. ಅವನೂ ನಾನೂ ಸೇರಿ ಎಂಟು ತಿಂಗಳು ಆ ಸೈಕಲ್ಲನ್ನು ಬಿಚ್ಚಿದೆವು, ಉಜ್ಜಿದೆವು, ಕಪ್ಪು ಬಣ್ಣ ಹೊಡೆದು ಅಂಚಿಗೆ ಚಿನ್ನದ ಗೆರೆ ಎಳೆದೆವು. ಚಕ್ರ, ಚೈನು, ಬೆಲ್ಲು, ಡೈನಮೋ ಎಲ್ಲವೂ ಬೇರೆ ಬೇರೆ ಗುಜರಿಗಳಿಂದ ಬಂದು ಕೂಡಿಕೊಂಡವು. ಕೊನೆಗೆ ಮಾವನ ಕಾಲದ್ದೆಂದು ಉಳಿದದ್ದು ಚೌಕಟ್ಟು ಮತ್ತು ಸೀಟು ಮಾತ್ರ. ಆ ಸೀಟಿಗೋ, ಮಳೆಗಾಲ ಹಿಡಿದದ್ದೇ ಬಿಳಿ ಬೂಷ್ಟು ಬಂತು. ನಾನು ದಿನವೂ ಬೆಳಿಗ್ಗೆ ಅದಕ್ಕೆ ಗಾಣದ ತೆಂಗಿನೆಣ್ಣೆ ತಿಕ್ಕತೊಡಗಿದೆ. "ನನ್ನ ತಲೆ ಇಷ್ಟು ಎಣ್ಣೆ ಕಂಡದ್ದು ಮದುವೆಯ ದಿನವೇ ಮಾರಾಯ್ರೆ" ಎಂದಳು ವಾರಿಜಾ. ಬಸಪ್ಪನೂ ಒಮ್ಮೆ ಮೂಸಿ ನೋಡಿ, "ತೊಗಲಿಗೆ ಕೊಬ್ಬರಿ ಎಣ್ಣಿ ಹಚ್ಚಬ್ಯಾಡ್ರೀ ಸರ, ನಾಯಿ ಬರ್ತಾವ" ಎಂದ. ಬಯಲುಸೀಮೆಯವನಿಗೆ ತೆಂಗಿನೆಣ್ಣೆಯ ಮಹಿಮೆ ಏನು ಗೊತ್ತು ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಮಣಿಪಾಲದ ಮೈದಾನವೊಂದರಲ್ಲಿ ಹಳೆಯ ಸೈಕಲ್ಲುಗಳ ಪ್ರದರ್ಶನ, ಚೆನ್ನಾಗಿ ಉಳಿಸಿಕೊಂಡದ್ದಕ್ಕೆ ಬಹುಮಾನ ಎಂದಾಯಿತು. ನಾನು ರಟ್ಟಿನ ಮೇಲೆ ದುಂಡಗೆ ಬರೆದೆ: "ಈ ಸೀಟು ಮೂವತ್ತು ವರ್ಷಗಳ ಸೇವೆಯ ಸಾಕ್ಷಿ." ಮಾವನನ್ನು ಬರಹೇಳಿದೆ. ಮನೆಗೆ ಬಂದ ನೆಂಟರನ್ನು ಸೀಟಿನ ಮೇಲೆ ಕೂರಲು ಬಿಡಲಿಲ್ಲ, ನಾನೂ ಕೂರಲಿಲ್ಲ. ದೇವರ ಪೀಠದ ಮೇಲೆ ಯಾರಾದರೂ ಕೂರುತ್ತಾರೆಯೇ?

ಶನಿವಾರ ಬೆಳಿಗ್ಗೆ ಸೀಟನ್ನು ಬಿಚ್ಚಿ, ಕೊನೆಯದೆಂದು ಧಾರಾಳವಾಗಿ ಎಣ್ಣೆ ಕುಡಿಸಿ, ಅಂಗಳದ ಎಳೆಬಿಸಿಲಿನಲ್ಲಿಟ್ಟು ಒಳಗೆ ಹೋದೆ. ಸ್ನಾನ, ತಿಂಡಿ, ಪೇಪರು ಎಲ್ಲ ಮುಗಿಸಿ ಬಂದು ನೋಡುವಾಗ ನಮ್ಮ ನಾಯಿ ಬೊಳ್ಳು ಎರಡು ಕಾಲುಗಳ ನಡುವೆ ಏನನ್ನೋ ಇಟ್ಟುಕೊಂಡು ಕಣ್ಣು ಮುಚ್ಚಿ ಜಗಿಯುತ್ತಿತ್ತು. ನನ್ನನ್ನು ಕಂಡು ಬಾಲ ಅಲ್ಲಾಡಿಸಿತು. ಉಳಿದದ್ದು ಎರಡು ಸ್ಪ್ರಿಂಗು, ನಾಲ್ಕಾರು ರಿವೆಟ್ಟು. ಅಷ್ಟು ಹಳೆಯ ಚರ್ಮವನ್ನು ಅಷ್ಟು ಮೆದುವಾಗಿಸಿದ ಕೀರ್ತಿ ನನ್ನ ಎಣ್ಣೆಗೇ ಸಲ್ಲಬೇಕು. "ಅಪ್ಪನಿಗೆ ಎಂತ ಹೇಳ್ತೀರಿ ಈಗ?" ಎಂದು ವಾರಿಜಾ ಕೇಳಿದಳು. ಬಹುಮಾನ ಹಾಳಾಗಲಿ, ಆ ನಿಟ್ಟುಸಿರು ಬಿಟ್ಟ ಮುದುಕರ ಮುಖವನ್ನು ಹೇಗೆ ನೋಡುವುದೆಂದು ನನಗೆ ಅಳುವೇ ಬಂತು.

ಸೀಟಿಲ್ಲದ ಸೈಕಲ್ಲನ್ನು ಟೆಂಪೋಗೆ ಹಾಕಿಸಿಕೊಂಡು ಬಸಪ್ಪನಲ್ಲಿಗೆ ಓಡಿದೆ. ಅವನು ನಾಯಿಯ ಮಾತು ಎತ್ತಲಿಲ್ಲ, ಅದು ಅವನ ದೊಡ್ಡತನ. ಅಂಗಡಿಯಲ್ಲಿ ಇದ್ದದ್ದು ಒಂದೇ ಸೀಟು. ಕೆಂಪು ರೆಕ್ಸಿನ್ನಿನದು, ಒಳಗೆ ಸ್ಪಂಜು, ಮಣೆಯಷ್ಟು ಅಗಲ. "ಕೂಡಾಕ ಭಾರಿ ಚಲೋ ಐತ್ರಿ" ಎಂದು ಕೂರಿಸಿಕೊಟ್ಟ. ಮರುದಿನ ಸೈಕಲ್ಲನ್ನು ಟೆಂಪೋದಲ್ಲಿ ಮಲಗಿಸಿ ಮಣಿಪಾಲಕ್ಕೆ ಒಯ್ದೆ. ರಟ್ಟನ್ನು ಅಂಗಿಯೊಳಗೆ ಅಡಗಿಸಿ, ಸೀಟಿನ ಮೇಲೆ ಮೈ ಒರೆಸುವ ಬೈರಾಸು ಹೊದಿಸಿ ನಿಂತೆ. ಕೇಳಿದವರಿಗೆ, ಬಿಸಿಲಿಗೆ ಚರ್ಮ ಹಾಳಾಗಬಾರದಲ್ಲ ಎಂದೆ.

ಹತ್ತು ಗಂಟೆಗೆ ಮಾವ ಬಂದರು. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಬೆಲ್ಲು ಬಾರಿಸಿ, ಬೈರಾಸು ಎತ್ತಿದರು. ಕೆಂಪು ಸೀಟನ್ನು ಬೆರಳಿನಿಂದ ಒತ್ತಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ, ಹತ್ತಿ ಹೊರಟೇಬಿಟ್ಟರು. ಮೈದಾನಕ್ಕೆ ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಅವರು ನಗುತ್ತಿದ್ದರು. ಇಳಿದವರೇ ಕೇಳಿದರು.

"ಆ ಹಳೆ ಸೀಟು ಎಲ್ಲಿ ಉಂಟು?"

"ಮಾವ, ತಪ್ಪಾಯಿತು. ನಾಯಿ ತಿಂದಿತು."

"ಪೂರ್ತಿ ತಿಂದಿತಾ?"

"ಸ್ಪ್ರಿಂಗು ಮಾತ್ರ ಉಳಿದದ್ದು."

"ಒಳ್ಳೆಯದಾಯಿತು. ಮೂವತ್ತು ವರ್ಷ ಅದು ನನ್ನನ್ನು ತಿಂದದ್ದು ಮಾರಾಯ್ರೆ. ಬಜಗೋಳಿಯ ಏರು ಹತ್ತಿ ಮನೆಗೆ ಬಂದರೆ ಊಟಕ್ಕೆ ಕೂರಲಿಕ್ಕೆ ಆಗ್ತಿರಲಿಲ್ಲ. ಎಷ್ಟೋ ದಿನ ನಿಂತುಕೊಂಡೇ ಉಂಡಿದ್ದೇನೆ."

ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ನನ್ನ ಎದೆಯಿಂದ ಇಳಿದದ್ದು ಅರೆಯುವ ಕಲ್ಲೇ ಇರಬೇಕು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ತೀರ್ಪುಗಾರರು ಕೆಂಪು ಸೀಟನ್ನು ಕಂಡು ಮುಂದಕ್ಕೆ ಹೋದದ್ದಕ್ಕೂ ನನಗೆ ಬೇಸರವಾಗಲಿಲ್ಲ. "ಇಂಥ ಸೀಟು ಇದ್ದರೆ ನಾನು ಇನ್ನೂ ಹತ್ತು ವರ್ಷ ತುಳಿದೇನು" ಎಂದ ಮಾವ, ಅಂದೇ ಸಂಜೆ ಕಾರ್ಕಳದ ಬಸ್ಸಿನ ಟಾಪಿನ ಮೇಲೆ ಸೈಕಲ್ಲನ್ನು ಹಾಕಿಸಿಕೊಂಡು ಹೋದರು. ನಾನು ಬೈರಾಸು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ.

ಕಥೆ ಕೇಳಿದ ವಾರಿಜಾ ಮೊದಲು ಬೊಳ್ಳುವಿಗೆ ಒಂದು ಮೀನಿನ ತುಂಡು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಂಟು ತಿಂಗಳಲ್ಲಿ ಒಂದು ಸಲ ಅದರ ಮೇಲೆ ಕೂತು ನೋಡಿದ್ದರೆ ನಿಮಗೇ ಗೊತ್ತಾಗ್ತಿತ್ತು, ಅಲ್ವಾ?" ಎಂದಳು. ನಾನಾಗ ನಾಯಿ ಉಳಿಸಿಕೊಟ್ಟ ಎರಡು ಸ್ಪ್ರಿಂಗುಗಳನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಾ ಕೂತಿದ್ದೆ.